ಗುಡ್ಡ ಏರುವಾಗ ರಕ್ತದಲ್ಲಿ ಯಾರ ಪಾಲು ಎಷ್ಟು?

ಪ್ರಶ್ನೆ: ಗಜೇಂದ್ರಗಡದ ಕೋಟೆ ಏರುವಾಗ ಕಾಲಿನ ಸ್ನಾಯುಗಳಿಗೆ ಹೆಚ್ಚು ರಕ್ತ ಬೇಕು. ಆಗ ಹೊಟ್ಟೆಗೆ, ಮಿದುಳಿಗೆ ರಕ್ತ ಕಡಿಮೆಯಾಗುವುದಿಲ್ಲವೇ? (ಓದುಗರೊಬ್ಬರು, ರೋಣ)

ಹೊಟ್ಟೆಗೆ ಕಡಿಮೆಯಾಗುತ್ತದೆ, ಮಿದುಳಿಗೆ ಆಗುವುದಿಲ್ಲ.

ಸುಮ್ಮನೆ ಕುಳಿತ ವಯಸ್ಕರ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಹೊರದೂಡುತ್ತದೆ. ಅದರಲ್ಲಿ ಮಿದುಳಿಗೆ ಸುಮಾರು ಶೇ. 15. ಮುಷ್ಟಿಗಾತ್ರದ ಮೂತ್ರಪಿಂಡಗಳಿಗೆ ಸುಮಾರು ಐದನೇ ಒಂದು ಪಾಲು! ರಕ್ತವನ್ನು ಸೋಸುವುದೇ ಅವುಗಳ ಕೆಲಸವಾದ್ದರಿಂದ ಇಷ್ಟು ದೊಡ್ಡ ಪಾಲು.

ಹಂಚಿಕೆಯ ಹೊಣೆ ಕಿರು ಅಪಧಮನಿಗಳದ್ದು. ಮಲಪ್ರಭಾ ಕಾಲುವೆಯ ನೀರು ಗೇಟು ಎತ್ತಿದಷ್ಟೇ ನರಗುಂದದ ಹೊಲಗಳಿಗೆ ಹರಿಯುವಂತೆ, ಈ ನಾಳಗಳ ಗೋಡೆ ಸಡಿಲಾದರೆ ರಕ್ತ ಹೆಚ್ಚು ಹರಿಯುತ್ತದೆ, ಬಿಗಿದರೆ ಕಡಿಮೆ. ಗುಡ್ಡ ಏರುವಾಗ ದುಡಿಯುವ ಸ್ನಾಯುವಿನಲ್ಲಿ ಆಮ್ಲಜನಕ ಇಳಿದು ಇಂಗಾಲದ ಡೈಆಕ್ಸೈಡ್ ಏರುತ್ತದೆ. ಕೂಡಲೇ ಅಲ್ಲಿನ ನಾಳಗಳು ಹಿಗ್ಗುತ್ತವೆ. ಅದೇ ಹೊತ್ತಿಗೆ ನರಗಳ ಸಂದೇಶದಿಂದ ಕರುಳಿನ ನಾಳಗಳು ಬಿಗಿಯುತ್ತವೆ, ಹೃದಯ ಬಡಿತ ಏರುತ್ತದೆ.

ಮಿದುಳಿನ ವ್ಯವಸ್ಥೆ ಬೇರೆ. ಒತ್ತಡ ಏರಿದರೆ ಅದರ ನಾಳಗಳು ಕಿರಿದಾಗುತ್ತವೆ, ಇಳಿದರೆ ಅಗಲವಾಗುತ್ತವೆ. ಹೀಗಾಗಿ ಹರಿವು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ರಕ್ತ ದೂಡುವ ಹೃದಯಕ್ಕೂ ತನ್ನ ಪಾಲು ಬೇಕು. ಅದರ ಎಡಭಾಗದ ಸ್ನಾಯುವಿಗಂತೂ ಹೆಚ್ಚಿನ ರಕ್ತ ಸಿಗುವುದು ಅದು ಸಡಿಲವಾಗುವ ಗಳಿಗೆಯಲ್ಲಿ.

ಹೊಟ್ಟೆತುಂಬ ರೊಟ್ಟಿ ಉಂಡ ಕೂಡಲೇ ಕೋಟೆ ಏರಬೇಡಿ. ಜೀರ್ಣಕ್ಕೂ ರಕ್ತ ಬೇಕು, ಸ್ವಲ್ಪ ಹೊತ್ತು ಕುಳಿತು ಹೊರಡಿ.