ಮಾತ್ರೆ ಕೊಡುವ ಕೈ ಯಾರದು?

ಜ್ವರ ಬಂದರೆ ನಮ್ಮ ಕಾಲು ಮೊದಲು ನಡೆಯುವುದು ಬೀದಿ ಕೊನೆಯ ಮೆಡಿಕಲ್ ಶಾಪಿಗೆ. ಅಲ್ಲಿ ಮಾತ್ರೆ ಎಣಿಸಿ ಕೊಡುವವರು ಯಾರು, ಅವರಿಗೆ ಆ ಅರ್ಹತೆ ಹೇಗೆ ಬಂತು ಎಂದು ವಿಚಾರಿಸುವವರು ಕಡಿಮೆ. ಹೀಗಾಗಿ ಕೆಲವು ತಪ್ಪು ನಂಬಿಕೆಗಳು ಬೇರುಬಿಟ್ಟಿವೆ.

ತಪ್ಪು ಕಲ್ಪನೆ: ಅಂಗಡಿಗೆ ಲೈಸೆನ್ಸ್ ಇದ್ದರೆ ಸಾಕು.
ಸತ್ಯ: ಲೈಸೆನ್ಸ್ ಅಂಗಡಿಗೆ, ನೋಂದಣಿ ವ್ಯಕ್ತಿಗೆ. ಮೊದಲನೆಯದನ್ನು ಔಷಧ ನಿಯಂತ್ರಣ ಅಧಿಕಾರಿಗಳು ಕೊಡುತ್ತಾರೆ. ಎರಡನೆಯದನ್ನು ರಾಜ್ಯ ಫಾರ್ಮಸಿ ಕೌನ್ಸಿಲ್. 1948ರ ಫಾರ್ಮಸಿ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ, ವೈದ್ಯರು ಬರೆದ ಚೀಟಿಗೆ ಔಷಧ ಕೊಡಬೇಕಾದವರು ನೋಂದಾಯಿತ ಫಾರ್ಮಸಿಸ್ಟರೇ. ವೈದ್ಯರು ತಮ್ಮ ರೋಗಿಗೆ ತಾವೇ ಕೊಡುವುದಕ್ಕೆ ವಿನಾಯಿತಿ ಇದೆ. ಈ ಸೆಕ್ಷನ್ ಮೀರಿದರೆ ಜೈಲು ಶಿಕ್ಷೆಗೂ ಅವಕಾಶವಿದೆ.

ತಪ್ಪು ಕಲ್ಪನೆ: ಹತ್ತು ವರ್ಷ ಕೌಂಟರಿನಲ್ಲಿ ನಿಂತ ಹುಡುಗನಿಗೆ ಎಲ್ಲ ಗೊತ್ತಿರುತ್ತದೆ.
ಸತ್ಯ: ಯಾವ ಮಾತ್ರೆ ಯಾವ ಕಪಾಟಿನಲ್ಲಿದೆ, ಬೆಲೆ ಎಷ್ಟು ಎಂಬುದು ಗೊತ್ತಿರಬಹುದು. ಆದರೆ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವ ಅಜ್ಜನಿಗೆ ಮೊಣಕಾಲು ನೋವಿಗೆಂದು ಐಬುಪ್ರೊಫೇನ್ ಕೊಟ್ಟರೆ ಹೊಟ್ಟೆಯೊಳಗೆ ರಕ್ತಸ್ರಾವವಾಗಬಹುದು. ಅದನ್ನು ತಡೆಯುವುದು ಓದಿ ಪಡೆದ ತಿಳಿವಳಿಕೆ. ಫಾರ್ಮಸಿ ಡಿಪ್ಲೊಮಾಗೆ (ಡಿ.ಫಾರ್ಮ್) ಎರಡು ವರ್ಷದ ಓದು, ಜೊತೆಗೆ 500 ಗಂಟೆಗಳ ಪ್ರಾಯೋಗಿಕ ತರಬೇತಿ ಬೇಕು. 2022ರ ನಿಯಮಾವಳಿ ಇದರ ಮೇಲೆ ಎಕ್ಸಿಟ್ ಪರೀಕ್ಷೆಯನ್ನೂ ತಂದಿದೆ.

ತಪ್ಪು ಕಲ್ಪನೆ: ಒಮ್ಮೆ ನೋಂದಣಿಯಾದರೆ ಜೀವನಪೂರ್ತಿ ಭದ್ರ.
ಸತ್ಯ: ನೋಂದಣಿಯನ್ನು ನವೀಕರಿಸುತ್ತಿರಬೇಕು. ಫಾರ್ಮಸಿಸ್ಟರ ಹಿನ್ನೆಲೆಯನ್ನು ಪರಿಶೀಲಿಸುವ ಕೌನ್ಸಿಲ್‌ನ ಅಧಿಕಾರ ನೋಂದಣಿಯ ದಿನಕ್ಕೇ ಮುಗಿಯುವುದಿಲ್ಲ. ಅಪರಾಧ ಸಾಬೀತಾಗಿ ಶಿಕ್ಷೆಯಾದವರು, ವೃತ್ತಿಗೆ ಕಳಂಕ ತರುವಂತೆ ನಡೆದವರು ಈ ಕೆಲಸಕ್ಕೆ ತಕ್ಕವರಲ್ಲವೆಂದು ಕಂಡುಬಂದರೆ, ಫಾರ್ಮಸಿ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ ಅವರ ಹೆಸರನ್ನು ಪಟ್ಟಿಯಿಂದ ತೆಗೆಯಬಹುದು.

ತಪ್ಪು ಕಲ್ಪನೆ: ಫಾರ್ಮಸಿಸ್ಟರು ತಮ್ಮ ಸರ್ಟಿಫಿಕೇಟನ್ನು ಅಂಗಡಿಗೆ ಬಾಡಿಗೆಗೆ ಕೊಡುವುದು ಸಣ್ಣ ಹೊಂದಾಣಿಕೆ.
ಸತ್ಯ: ಗೋಡೆಗೆ ತೂಗುಹಾಕಿದ ಕಾಗದ ಡೋಸ್ ತಪ್ಪಾದಾಗ ಎಚ್ಚರಿಸುವುದಿಲ್ಲ. ಚೀಟಿಯ ಔಷಧವನ್ನು ಫಾರ್ಮಸಿಸ್ಟರೇ ಕೊಡಬೇಕು, ಇಲ್ಲವೇ ಅವರ ಖುದ್ದು ಮೇಲ್ವಿಚಾರಣೆಯಲ್ಲಿ ಕೊಡಬೇಕು ಎಂದು 1945ರ ಔಷಧ ನಿಯಮಗಳ 65ನೇ ನಿಯಮ ಹೇಳುತ್ತದೆ. ಅವರು ಬೇರೆ ಊರಿನಲ್ಲಿ ಕುಳಿತಿದ್ದರೆ ಅದು ಮೇಲ್ವಿಚಾರಣೆಯಲ್ಲ.

ತಪ್ಪು ಕಲ್ಪನೆ: ಚೀಟಿ ಕೇಳುವ ಅಂಗಡಿಯವರು ಸುಮ್ಮನೆ ಸತಾಯಿಸುತ್ತಾರೆ.
ಸತ್ಯ: ಕಟ್ಟುನಿಟ್ಟಿನ ನಿಯಂತ್ರಣವಿರುವ ಶೆಡ್ಯೂಲ್ ಎಚ್1 ಪಟ್ಟಿಯ ಔಷಧಗಳಿಗೆ ರೋಗಿಯ ಮತ್ತು ವೈದ್ಯರ ಹೆಸರನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಚೀಟಿ ಕೇಳುವವರು ನಿಮ್ಮ ಆರೋಗ್ಯವನ್ನೇ ಕಾಯುತ್ತಿದ್ದಾರೆ.

ಮುಂದಿನ ಸಲ ಮೆಡಿಕಲ್ ಶಾಪಿಗೆ ಹೋದಾಗ, "ಫಾರ್ಮಸಿಸ್ಟ್ ಇದ್ದಾರಾ?" ಎಂದು ಕೇಳಿ. ಸಂಕೋಚ ಬೇಡ, ಕೇಳುವುದು ನಿಮ್ಮ ಹಕ್ಕು.