ಬರುವ ವರ್ಷದ ಓದು

ಡಿಸೆಂಬರ್ ತಿಂಗಳು ಮುಗಿಯುತ್ತ ಬಂದು, ಗೋಡೆಯ ಮೇಲಿನ ಕ್ಯಾಲೆಂಡರು ಕೊನೆಯ ಹಾಳೆಯೊಂದನ್ನು ಮಾತ್ರ ಉಳಿಸಿಕೊಂಡಿರುವ ಹೊತ್ತಿನಲ್ಲಿ ಮನುಷ್ಯನು ಮಾಡಿಕೊಳ್ಳುವ ನಾನಾ ನಿಶ್ಚಯಗಳ ನಡುವೆ, ಬೆಳಗ್ಗೆ ಬೇಗ ಏಳುವುದು, ಸಕ್ಕರೆಯನ್ನು ಕಡಿಮೆ ಮಾಡುವುದು, ಮನೆಯ ಲೆಕ್ಕ ಬರೆದಿಡುವುದು ಇವುಗಳ ಜೊತೆಗೆ, ಅಕ್ಷರದ ಒಡನಾಟವುಳ್ಳ ಮನೆಗಳಲ್ಲಿ, ಇನ್ನು ಮುಂದೆ ಹೆಚ್ಚು ಓದಬೇಕೆಂಬ ನಿಶ್ಚಯವೊಂದು ತಪ್ಪದೆ ಸೇರಿಕೊಂಡಿರುತ್ತದೆ. ಉಳಿದವುಗಳಿಗಿಂತ ಇದು ನಿರಪಾಯವಾದದ್ದು. ಮಾಡಿಕೊಂಡವನಿಗೆ ಖರ್ಚಿಲ್ಲ, ಮುರಿದವನಿಗೆ ದಂಡವಿಲ್ಲ. ಬಹುಶಃ ಆ ಕಾರಣದಿಂದಲೇ ಸಂಕ್ರಾಂತಿಯ ಎಳ್ಳುಬೆಲ್ಲ ಹಂಚಿ ಮುಗಿಯುವುದರೊಳಗಾಗಿ ಅದು ಮರೆತೂ ಹೋಗಿರುತ್ತದೆ. ಎಷ್ಟು ಓದಬೇಕು, ಏನನ್ನು ಓದಬೇಕು, ದಿನದ ಯಾವ ಹೊತ್ತಿನಲ್ಲಿ ಓದಬೇಕು ಎಂಬ ಮೂರು ಸಂಗತಿಗಳೂ ಅನುಕ್ತವಾಗಿ ಉಳಿದಿರುವ ಇಂಥದನ್ನು ನಿಶ್ಚಯವೆನ್ನುವುದಕ್ಕಿಂತ ಸದಿಚ್ಛೆಯೆನ್ನುವುದೇ ಯುಕ್ತ.

ಈ ವಿಷಯದಲ್ಲಿ ನಮ್ಮ ಹಿರಿಯರು ನಮಗಿಂತ ಹೆಚ್ಚು ವ್ಯವಹಾರಜ್ಞರಾಗಿದ್ದರು. ಪಾರಾಯಣಕ್ಕೆ ತೊಡಗುವವನು ಮೊದಲು ದೇಶಕಾಲಗಳನ್ನು ಹೇಳಿ, ತಾನು ಕೈಕೊಂಡಿರುವ ಕಾರ್ಯ ಇಂಥದೆಂದು ಬಾಯಿಬಿಟ್ಟು ಉಚ್ಚರಿಸಿ ಸಂಕಲ್ಪ ಮಾಡತಕ್ಕದ್ದು. ಭಾಗವತಕ್ಕೆ ಸಪ್ತಾಹ: ಹನ್ನೆರಡು ಸ್ಕಂಧಗಳನ್ನು ಏಳು ದಿನಗಳಿಗೆ ಹಂಚಿ, ಯಾವ ದಿನದ ಓದು ಎಲ್ಲಿಗೆ ನಿಲ್ಲಬೇಕೆಂಬುದು ಮೊದಲೇ ಗೊತ್ತಾಗಿರುತ್ತದೆ. ರಾಮಾಯಣಕ್ಕೆ ನವಾಹ. ಉತ್ತರದೇಶದಲ್ಲಿ ತುಲಸೀದಾಸರ ರಾಮಚರಿತಮಾನಸದ ಪ್ರತಿಗಳಲ್ಲಿ, ಒಂಬತ್ತು ದಿನಗಳಲ್ಲಿ ಓದಿ ಮುಗಿಸುವವರಿಗೊಂದು, ಮೂವತ್ತು ದಿನಗಳಲ್ಲಿ ಮುಗಿಸುವವರಿಗೊಂದು ಹೀಗೆ ಎರಡು ಬಗೆಯ ವಿಶ್ರಾಮಸ್ಥಾನಗಳನ್ನು ಪುಟಗಳ ನಡುವೆಯೇ ಅಚ್ಚು ಹಾಕಿರುತ್ತಾರೆ. ನಮ್ಮ ಹಳ್ಳಿಗಳಲ್ಲಿ ಶ್ರಾವಣದ ಶನಿವಾರಗಳಂದು ಶನಿಮಹಾತ್ಮೆಯನ್ನು ಓದಿಸುವ ವಾಡಿಕೆಯುಂಟು. ಗದುಗಿನ ಭಾರತವನ್ನೋ ಲಕ್ಷ್ಮೀಶನ ಜೈಮಿನಿಯನ್ನೋ ಒಬ್ಬರು ರಾಗವಾಗಿ ವಾಚಿಸುತ್ತಿರಲು ಇನ್ನೊಬ್ಬರು ಅರ್ಥವನ್ನು ಬಿಡಿಸಿ ಹೇಳುವ ಗಮಕದ ಪದ್ಧತಿ, ಶಿವಮೊಗ್ಗದ ಬಳಿ ತುಂಗೆಯ ದಡದಲ್ಲಿರುವ ಹೊಸಹಳ್ಳಿಯಂಥ ಊರುಗಳಲ್ಲಿ ಇಂದಿಗೂ ನಡೆದುಬಂದಿದೆ. ಇವೆಲ್ಲಕ್ಕೂ ಪುಣ್ಯಸಂಪಾದನೆಯ ಉದ್ದೇಶವಿತ್ತೆಂಬುದು ನಿಜ. ಆದರೆ ಪುಣ್ಯವನ್ನು ಒತ್ತಟ್ಟಿಗಿಟ್ಟು ನೋಡಿದರೂ ಏರ್ಪಾಡಿನ ಜಾಣ್ಮೆ ಕಣ್ಣಿಗೆ ಕಾಣದೆ ಹೋಗದು. ಓದಬೇಕಾದ ಗ್ರಂಥ ದೊಡ್ಡದು, ಆದರೆ ದಿನದ ಪಾಲು ಸಣ್ಣದು, ಹೊತ್ತು ಗೊತ್ತಾದದ್ದು, ಕೇಳುವವರು ಎದುರಿಗೆ ಕುಳಿತಿರುವುದರಿಂದ ಓದುವವನು ತಪ್ಪಿಸಿಕೊಳ್ಳುವಂತಿಲ್ಲ, ಕಡೆಯ ದಿನ ಮಂಗಳಾರತಿಯೂ ಪ್ರಸಾದವೂ ಉಂಟಾದಕಾರಣ ಮುಗಿಸಬೇಕೆಂಬ ಆಸೆಯೂ ಇರುತ್ತದೆ. (ನವರಾತ್ರಿಯಲ್ಲಿ ಸರಸ್ವತೀಪೂಜೆಗೆಂದು ಪುಸ್ತಕಗಳನ್ನು ಪೇರಿಸಿಟ್ಟು, ವಿಸರ್ಜನೆಯಾಗುವವರೆಗೆ ಮುಟ್ಟದಿರುವ ಸಂಪ್ರದಾಯವೂ ನಮ್ಮದೇ. ಕೆಲವು ಮನೆಗಳಲ್ಲಿ ಆ ಪೂಜೆ ವರ್ಷದ ಹನ್ನೆರಡು ತಿಂಗಳೂ ನಡೆಯುತ್ತದೆ.)

ಪಶ್ಚಿಮದಲ್ಲಿ ಇಂಥ ಏರ್ಪಾಡಿಗೆ ಪ್ರಸಿದ್ಧವಾದ ನಿದರ್ಶನ, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ 40 ವರ್ಷಗಳ ಕಾಲ ಅಧ್ಯಕ್ಷರಾಗಿದ್ದ ಚಾರ್ಲ್ಸ್ ಎಲಿಯಟ್ ಅವರದು. ಐದು ಅಡಿ ಉದ್ದದ ಹಲಗೆಯ ಮೇಲೆ ಹಿಡಿಸುವಷ್ಟು ಪುಸ್ತಕಗಳನ್ನು ದಿನಕ್ಕೆ ಹದಿನೈದು ನಿಮಿಷದಂತೆ ಓದುತ್ತ ಹೋದರೆ, ಕಾಲೇಜಿನ ಮೆಟ್ಟಿಲು ಹತ್ತದವನೂ ಸುಶಿಕ್ಷಿತನೆನಿಸಿಕೊಳ್ಳಬಹುದೆಂಬುದು ಅವರ ಮತವಾಗಿತ್ತು. ಹಾಗಾದರೆ ಆ ಪುಸ್ತಕಗಳು ಯಾವುವೆಂದು ಪ್ರಕಾಶಕರು ಕೇಳಲಾಗಿ, 1909ರಿಂದ ಮೊದಲುಗೊಂಡು ಐವತ್ತು ಸಂಪುಟಗಳ ಮಾಲೆಯೊಂದು ಹೊರಬಂದಿತು. ಡಾರ್ವಿನ್ನನ ವಿಕಾಸವಾದದ ಗ್ರಂಥ, ಅರಬ್ಬೀ ಇರುಳುಗಳ ಕಥೆಗಳು, ಭಗವದ್ಗೀತೆ ಎಲ್ಲವೂ ಅದರಲ್ಲಿ ಒಂದೇ ಹಲಗೆಯನ್ನು ಹಂಚಿಕೊಂಡವು. ವರ್ಷದ ಇಂತಿಂಥ ತಾರೀಖಿಗೆ ಇಂತಿಂಥ ಭಾಗವೆಂದು ಸೂಚಿಸುವ ಕೈಪಿಡಿಯೂ ಅದರೊಡನೆ ಬಂದಿತು. ಕೊಂಡವರೆಲ್ಲರೂ ಓದಿದರೆಂದು ಪ್ರಮಾಣ ಮಾಡುವವರು ಯಾರೂ ಇರಲಾರರು. ಆದರೂ ಓದನ್ನು ಪುಸ್ತಕಗಳ ಎಣಿಕೆಯಿಂದಲ್ಲದೆ ದಿನದ ನಿಮಿಷಗಳಿಂದ ಅಳೆದದ್ದು ಆ ಯೋಜನೆಯ ಸಾರಭೂತವಾದ ಗುಣ.

ಈಗಿನ ಪದ್ಧತಿ ಬೇರೆ. ಗುಡ್‌ರೀಡ್ಸ್ ಎಂಬ ಅಂತರಜಾಲದ ಓದುಗರ ಕೂಟ 2011ರಲ್ಲಿ ವಾರ್ಷಿಕ ಪಂಥವೊಂದನ್ನು ಆರಂಭಿಸಿದ ತರುವಾಯ, ವರ್ಷಕ್ಕೆ ಇಷ್ಟು ಪುಸ್ತಕಗಳೆಂದು ಸಂಖ್ಯೆಯನ್ನು ಮೊದಲೇ ಸಾರಿ, ಅದರತ್ತ ಓಡುವುದು ಲೋಕರೂಢಿಯಾಗಿದೆ. ವಾರಕ್ಕೊಂದರಂತೆ ಐವತ್ತೆರಡು ಎಂಬುದು ಅನೇಕರಿಗೆ ಪ್ರಿಯವಾದ ಸಂಖ್ಯೆ. ಓದಿನ ಅಭ್ಯಾಸವೇ ತಪ್ಪಿಹೋಗಿರುವವನಿಗೆ, ಮೊಬೈಲಿನ ಪರದೆಯಿಂದ ಕಣ್ಣು ಕೀಳಲಾರದೆ ತೊಳಲುವವನಿಗೆ, ಇಂಥ ಪಂಥದಿಂದ ಉಪಕಾರವಿಲ್ಲವೆಂದು ನಾನು ಹೇಳಲಾರೆ. ಆದರೆ ಸಂಖ್ಯೆಯೇ ಗುರಿಯಾಯಿತೆಂದರೆ, ಓದುಗನ ಕೈ ತನಗೆ ಅರಿವಿಲ್ಲದಂತೆಯೇ ತೆಳುವಾದ ಪುಸ್ತಕದ ಕಡೆಗೆ ಹೊರಳುತ್ತದೆ. 1967ರಲ್ಲಿ ಬಂದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಎಂಬ ಮಹಾಕಾದಂಬರಿ ಕಪಾಟಿನಲ್ಲಿ ಎದುರಿಗೇ ಇದ್ದರೂ, ಅದಕ್ಕೆ ತಗಲುವ ಹೊತ್ತಿನಲ್ಲಿ ಐದಾರು ಸಣ್ಣ ಪುಸ್ತಕಗಳು ಮುಗಿಯುವುವೆಂಬ ಲೆಕ್ಕಾಚಾರ ಅಡ್ಡ ಬರುತ್ತದೆ. ಐವತ್ತೆರಡನ್ನು ಮುಗಿಸಿದವನನ್ನು ಅವುಗಳಲ್ಲಿ ಮನಸ್ಸಿನಲ್ಲಿ ನಿಂತದ್ದು ಯಾವುದೆಂದು ಕೇಳಿದರೆ, ತೀರ್ಥಯಾತ್ರೆಯ ಬಸ್ಸಿನಿಂದ ಇಳಿಯದೆಯೇ ಕ್ಷೇತ್ರಗಳನ್ನು ಎಣಿಸಿಕೊಂಡು ಬಂದವನಂತೆ ಅವನು ತಡವರಿಸುವುದೂ ಉಂಟು.

ತೆಳುವಾದ ಪುಸ್ತಕಗಳೆಲ್ಲ ಬೇಗ ಮುಗಿಯುತ್ತವೆಂಬ ನಂಬಿಕೆಯಾದರೂ ನಿಜವೇ? ದೇವನೂರ ಮಹಾದೇವರ ‘ಕುಸುಮಬಾಲೆ’ ಗಾತ್ರದಲ್ಲಿ ಎಷ್ಟೆಂದರೂ ಕೈಹೊತ್ತಿಗೆಯಷ್ಟೆ. ಆದರೆ ನಂಜನಗೂಡು ಚಾಮರಾಜನಗರಗಳ ಕಡೆಯ ಆಡುನುಡಿಯ ಲಯಕ್ಕೆ ಕಿವಿ ಹೊಂದಿಕೊಳ್ಳುವವರೆಗೆ ಅದರ ಒಂದೊಂದು ಪುಟವೂ ಓದುಗನನ್ನು ಹಿಡಿದು ನಿಲ್ಲಿಸುತ್ತದೆ. ಬೇರೆ ಸೀಮೆಯವನು ಅದನ್ನು ಗಟ್ಟಿಯಾಗಿ, ತನ್ನ ಧ್ವನಿಯನ್ನು ತಾನೇ ಕೇಳಿಸಿಕೊಳ್ಳುತ್ತ ಓದಿದಾಗಲೇ ವಾಕ್ಯಗಳು ಬಾಯಿಬಿಡುತ್ತವೆ. 1990ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ಈ ಕೃತಿ ಪಂಥದ ಲೆಕ್ಕದಲ್ಲಿ ಒಂದು. ತೇಜಸ್ವಿಯವರ ‘ಕರ್ವಾಲೊ’ವೂ ಒಂದು. ಎರಡನೆಯದನ್ನು ರಜೆಯ ಒಂದು ಮಧ್ಯಾಹ್ನ ಹಿಡಿದವನು ರಾತ್ರಿಯ ಊಟದ ಹೊತ್ತಿಗೆ ಮುಗಿಸಿಬಿಟ್ಟಿರುತ್ತಾನೆ. ಇವೆರಡನ್ನೂ ಒಂದೇ ಅಳತೆಗೋಲಿನಿಂದ ಅಳೆದು ಫಲವೇನು?

ಹೊತ್ತಿನ ಲೆಕ್ಕವೇ ಮೇಲು. ಕನ್ನಡ ಗದ್ಯವನ್ನು ಮನಸ್ಸಿನಲ್ಲಿಯೇ ಓದಿಕೊಳ್ಳುವ ಸಾಧಾರಣ ಓದುಗನು ಅರ್ಧ ಗಂಟೆಯಲ್ಲಿ ಹನ್ನೆರಡು ಪುಟಗಳನ್ನು ಓದುವನೆಂದು ಇಟ್ಟುಕೊಳ್ಳೋಣ. ಮದುವೆ ಮುಂಜಿಗಳು, ಜ್ವರ ನೆಗಡಿಗಳು, ಬಂಧುಗಳ ಆಗಮನ, ಕೇವಲ ಆಲಸ್ಯ ಇವುಗಳಿಗೆಂದು ಧಾರಾಳವಾಗಿ ಅರವತ್ತೈದು ದಿನಗಳನ್ನು ಕಳೆದರೂ, ಉಳಿದ ಮುನ್ನೂರು ದಿನಗಳಿಗೆ 3,600 ಪುಟಗಳಾಗುತ್ತವೆ. ಬೃಹತ್ಕಾದಂಬರಿಗಳು ಎರಡು, ಮಧ್ಯಮಗಾತ್ರದವು ನಾಲ್ಕಾರು, ಒಂದು ಆತ್ಮಕಥೆ, ಒಂದೆರಡು ಕಥಾಸಂಕಲನಗಳು ಇಷ್ಟರಲ್ಲಿ ಅಡಗುತ್ತವೆ. ರಾತ್ರಿ ಮಲಗುವ ಮುನ್ನ ಓದುತ್ತೇನೆಂಬವರ ಮಾತಿನಲ್ಲಿ ಮಾತ್ರ ನನಗೆ ಅಷ್ಟಾಗಿ ವಿಶ್ವಾಸವಿಲ್ಲ. ಆ ಹೊತ್ತಿನಲ್ಲಿ ಪುಸ್ತಕ ಹೆಚ್ಚಾಗಿ ನಿದ್ರೆಗೆ ಸಾಧನವಾಗುತ್ತದೆಯೇ ಹೊರತು ವಿದ್ಯೆಗಲ್ಲ.

ವರ್ಷದ ಆರಂಭದಲ್ಲಿಯೇ ಗೊತ್ತುಮಾಡಿಕೊಳ್ಳಬೇಕಾದದ್ದು ಒಂದೇ ಒಂದು ದೊಡ್ಡ ಗ್ರಂಥವನ್ನು ಎಂದು ನನ್ನ ಅಭಿಪ್ರಾಯ. ಉಳಿದವು ಬಂದಂತೆ ಬರಲಿ. ಅದೊಂದು ಮಾತ್ರ ವರ್ಷದುದ್ದಕ್ಕೂ ಜೊತೆಗಿರಲಿ. ನಮ್ಮ ಹಳೆಯ ಸಾಹಿತ್ಯದಲ್ಲಿ ಇಂಥ ಸಹವಾಸಕ್ಕೆ ತಕ್ಕ ಗ್ರಂಥಗಳಿಗೆ ಕೊರತೆಯಿಲ್ಲ. ‘ವಡ್ಡಾರಾಧನೆ’ಯಲ್ಲಿರುವ ಕಥೆಗಳು ಹತ್ತೊಂಬತ್ತು, ಹದಿನೈದು ದಿನಕ್ಕೊಂದು ಕಥೆಯಾದರೆ, ಹಳಗನ್ನಡದ ಗದ್ಯ ಮೊದಲಿಗೆ ಎಷ್ಟೇ ಅಪರಿಚಿತವೆನಿಸಿದರೂ, ಯುಗಾದಿಯಿಂದ ತೊಡಗಿ ಮುಂದಿನ ಯುಗಾದಿಯೊಳಗೆ ನಿರಾಯಾಸವಾಗಿ ಮುಗಿಯುತ್ತದೆ, ನಾಲ್ಕನೆಯ ಕಥೆಯ ವೇಳೆಗೆ ನಿಘಂಟನ್ನು ತೆರೆಯುವ ಅಗತ್ಯ ಕಡಮೆಯಾದದ್ದನ್ನು ಕಂಡು ಓದುಗನೇ ಆಶ್ಚರ್ಯಪಡುತ್ತಾನೆ. ಪಂಪಭಾರತಕ್ಕೆ ಹದಿನಾಲ್ಕು ಆಶ್ವಾಸಗಳು. ಡಿ. ಎಲ್. ನರಸಿಂಹಾಚಾರ್ಯರ ದೀಪಿಕೆಯನ್ನು ಮಗ್ಗುಲಲ್ಲಿ ತೆರೆದಿಟ್ಟುಕೊಂಡು ತಿಂಗಳಿಗೊಂದರಂತೆ ಸಾಗಿದರೆ ವರ್ಷ ಮುಗಿದರೂ ಎರಡು ಆಶ್ವಾಸಗಳು ಉಳಿಯುತ್ತವೆ, ಉಳಿಯಲಿ. ಡಿ. ವಿ. ಗುಂಡಪ್ಪನವರ ‘ಮಂಕುತಿಮ್ಮನ ಕಗ್ಗ’ 1943ರಲ್ಲಿ ಪ್ರಕಟವಾದದ್ದು. ಅದರ ಮುಕ್ತಕಗಳು 945. ದಿನಕ್ಕೆ ಮೂರರಂತೆ ಓದಿದರೆ 315 ದಿನಗಳಲ್ಲಿ ಮುಗಿದು, ಪುನಃ ನೋಡಿಕೊಳ್ಳುವುದಕ್ಕೆ ಐವತ್ತು ದಿನ ಮಿಕ್ಕುತ್ತದೆಂದು ಗಣಿತ ಹೇಳುತ್ತದೆ. ಕಗ್ಗ ಹಾಗೆ ಹೇಳುವುದಿಲ್ಲ. ಒಂದು ಮುಕ್ತಕ ಎತ್ತಿದ ಪ್ರಶ್ನೆಗೆ ಇನ್ನೆಲ್ಲೋ ಇರುವ ಮತ್ತೊಂದು ಪ್ರತಿಪ್ರಶ್ನೆ ಹಾಕುತ್ತಿರುವ ಅಂಥ ಗ್ರಂಥವನ್ನು ದಿನಕ್ಕೊಂದರಂತೆ, ಎರಡೂವರೆ ವರ್ಷಗಳಿಗೂ ಮೀರಿ ಎಳೆದುಕೊಂಡು ಹೋಗುವುದೇ ಸರಿಯಾದ ರೀತಿ; ಪಂಚಾಂಗ ಬದಲಾಯಿತೆಂದು ಪುಸ್ತಕವನ್ನು ಬದಲಾಯಿಸಬೇಕಾದ ನಿರ್ಬಂಧವೇನೂ ಇಲ್ಲವಷ್ಟೆ.

ತನ್ನ ರುಚಿಯನ್ನು ಮಾತ್ರ ನಂಬಿ ಪಟ್ಟಿ ಮಾಡುವವನು, ತನಗೆ ಗೊತ್ತಿರುವ ಬೀದಿಗಳಲ್ಲೇ ಸುತ್ತಿ ಬರುತ್ತಾನೆ. ಕಾದಂಬರಿಯಲ್ಲದೆ ಬೇರೇನನ್ನೂ ಓದದವರು, ಕಾದಂಬರಿಯೆಂದರೆ ಮೂಗು ಮುರಿಯುವವರು, ಈ ಎರಡು ಪಂಗಡಗಳೂ ನಮ್ಮಲ್ಲಿ ಬಲವಾಗಿಯೇ ಇವೆ. ಮೊದಲಿನವರು ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಪುಸ್ತಕವನ್ನು ಒಮ್ಮೆ ಕೈಗೆತ್ತಿಕೊಂಡು ನೋಡಬೇಕು. ಸಸ್ಯಶಾಸ್ತ್ರದ ಅಧ್ಯಾಪಕರೊಬ್ಬರು ಶಿಷ್ಯರೊಡನೆ ಕಾಡು ಸುತ್ತಿದ ಆ ವೃತ್ತಾಂತದ ವಿನೋದ ಯಾವ ಕಾದಂಬರಿಗೂ ಕಡಮೆಯಾದದ್ದಲ್ಲ. ಎರಡನೆಯವರಿಗೆ ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ಸಾಕು. ಸಂಪ್ರದಾಯಸ್ಥ ಕುಟುಂಬದ ಬಾಲವಿಧವೆಯೊಬ್ಬಳ ಬಾಳನ್ನು ಅದರಲ್ಲಿ ಕಂಡವರು, ಕಲ್ಪಿತಕಥೆಯಿಂದ ತಿಳಿವಳಿಕೆಯೇನು ಬಂದೀತೆಂಬ ಆಕ್ಷೇಪವನ್ನು ಮತ್ತೆ ಎತ್ತಲಾರರು. ಇನ್ನೊಬ್ಬರ ಆಯ್ಕೆಗೆ ಒಂದಿಷ್ಟು ಪಾಲನ್ನು ಬಿಟ್ಟುಕೊಡುವುದು ಇದಕ್ಕಿಂತಲೂ ಒಳ್ಳೆಯ ಉಪಾಯ. 1933ರಲ್ಲಿ ಜಿ. ಬಿ. ಜೋಶಿಯವರು ಧಾರವಾಡದಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಇಂಥ ವಿಶ್ವಾಸದ ಮೇಲೆ ಬೆಳೆದ ಸಂಸ್ಥೆ: ಓದುಗನು ಚಂದಾ ಕೊಡುವನು, ಏನನ್ನು ಓದಬೇಕೆಂಬ ವಿವೇಚನೆಯನ್ನು ಸಂಪಾದಕರು ವಹಿಸಿಕೊಳ್ಳುವರು. ತಾನಾಗಿ ಎಂದೂ ಕೊಳ್ಳುತ್ತಿರಲಿಲ್ಲವಾದ ನಾಟಕವೋ ವಿಮರ್ಶೆಯೋ ಅಂಚೆಯಲ್ಲಿ ಮನೆಬಾಗಿಲಿಗೆ ಬಂದಾಗ, ಹಣ ಕೊಟ್ಟಾಗಿದೆಯಲ್ಲಾ ಎಂಬ ಕಾರಣಕ್ಕಾದರೂ ಮನುಷ್ಯ ಮೊದಲ ಪುಟವನ್ನು ತೆರೆಯುತ್ತಾನೆ. ಅಂಥ ಮಾಲೆಗೆ ಚಂದಾದಾರನಲ್ಲದವನು, ತನ್ನ ವರ್ಷದ ಪಟ್ಟಿಯಲ್ಲಿ ಎರಡು ಸ್ಥಾನಗಳನ್ನು ಖಾಲಿ ಬಿಟ್ಟು, ಅವನ್ನು ತುಂಬುವ ಅಧಿಕಾರವನ್ನು ಸ್ನೇಹಿತನಿಗೋ ಮಗಳಿಗೋ ಕೊಟ್ಟು ನೋಡಬಹುದು.

ಕೊಂಡ ಪುಸ್ತಕಕ್ಕಿಂತ ಕಡ ತಂದ ಪುಸ್ತಕ ಬೇಗ ಓದಿಸಿಕೊಳ್ಳುತ್ತದೆ. ಕೊಂಡದ್ದು ಎಲ್ಲಿಗೆ ಹೋದೀತು ಎಂಬ ಧೈರ್ಯವೇ ಅದರ ಶತ್ರು. ಗ್ರಂಥಾಲಯದ್ದಾದರೋ, ಹಿಂದಿರುಗಿಸುವ ತಾರೀಖಿನ ಮುದ್ರೆಯನ್ನು ಹೊತ್ತುಕೊಂಡೇ ಬರುತ್ತದೆ. ಗ್ರಂಥಾಲಯಶಾಸ್ತ್ರಕ್ಕೆ ಐದು ಸೂತ್ರಗಳನ್ನು 1931ರಲ್ಲಿ ರಚಿಸಿಕೊಟ್ಟ, ಕೊನೆಗಾಲದಲ್ಲಿ ಬೆಂಗಳೂರಿನಲ್ಲಿಯೇ ನೆಲೆಸಿದ್ದ ಎಸ್. ಆರ್. ರಂಗನಾಥನ್ ಅವರು, ಓದುಗನ ಕಾಲವನ್ನು ಉಳಿಸುವುದೂ ಗ್ರಂಥಾಲಯದ ಧರ್ಮಗಳಲ್ಲೊಂದೆಂದು ವಿಧಿಸಿದರು. ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಶಾಸನ 1965ರಿಂದಲೂ ಇದೆ; ಗ್ರಂಥಾಲಯದ ಕರವನ್ನು ಆಸ್ತಿತೆರಿಗೆಯೊಡನೆ ಕಟ್ಟುತ್ತಲೇ ಇರುವ ಗೃಹಸ್ಥರು ತಮ್ಮ ಬಡಾವಣೆಯ ಶಾಖೆ ಯಾವ ಬೀದಿಯಲ್ಲಿದೆಯೆಂಬುದನ್ನಾದರೂ ಈ ವರ್ಷ ವಿಚಾರಿಸಿಕೊಳ್ಳಬಹುದು.

ಇನ್ನು, ಹಿಡಿದದ್ದನ್ನು ಬಿಡಬಹುದೇ ಎಂಬ ಪ್ರಶ್ನೆ. ಇಂಗ್ಲೆಂಡಿನ ಡಾಕ್ಟರ್ ಜಾನ್ಸನ್ನನು, ಮನಸ್ಸು ಎಳೆದತ್ತ ಓದುವುದೇ ಸರಿ, ಕರ್ತವ್ಯವೆಂದು ಓದಿದ್ದು ಹೆಚ್ಚು ಪ್ರಯೋಜನಕ್ಕೆ ಬಾರದು ಎಂಬರ್ಥದ ಮಾತುಗಳನ್ನಾಡಿದ್ದುಂಟು. ಅದೇ ಜಾನ್ಸನ್ನನು, ಬೈಬಲ್ಲಿನ ಬಹುಭಾಗವನ್ನು ತಾನು ಕಣ್ಣೆತ್ತಿಯೂ ನೋಡಿಲ್ಲವೆಂಬುದನ್ನು ಮನಗಂಡು, ಒಂದು ಈಸ್ಟರ್ ಹಬ್ಬದಿಂದ ಇನ್ನೊಂದರೊಳಗಾಗಿ ಪೂರ್ತಿ ಓದುವೆನೆಂದು ಪ್ರತಿಜ್ಞೆ ಮಾಡಿ, 1772ರಲ್ಲಿ, ತನ್ನ ಅರವತ್ತೆರಡನೆಯ ವಯಸ್ಸಿನಲ್ಲಿ, ಅದನ್ನು ನೆರವೇರಿಸಿದುದನ್ನು ದಿನಚರಿಯಲ್ಲಿ ಬರೆದುಕೊಂಡ. ಎರಡೂ ಮಾತು ಸಮ್ಮತವೇ. ವರ್ಷದ ಆ ಒಂದು ದೊಡ್ಡ ಗ್ರಂಥವನ್ನು ಬಿಡಕೂಡದು. ಉಳಿದವುಗಳಲ್ಲಿ ಐವತ್ತು ಪುಟಗಳಾದ ಮೇಲೂ ಹತ್ತಿರಕ್ಕೆ ಬಾರದ ಪುಸ್ತಕವನ್ನು ನಿಸ್ಸಂಕೋಚವಾಗಿ ಮಗುಚಿಡಬಹುದು. ಮಗುಚಿಟ್ಟದ್ದನ್ನೂ ಬರೆದಿಡಬೇಕೆಂಬುದೊಂದೇ ನನ್ನ ಷರತ್ತು. ಡಾರ್ವಿನ್ನನು 1838ರಿಂದ ಇಪ್ಪತ್ತೆರಡು ವರ್ಷಗಳ ಕಾಲ, ಓದಬೇಕಾದ ಪುಸ್ತಕಗಳನ್ನೂ ಓದಿದ ಪುಸ್ತಕಗಳನ್ನೂ ಬೇರೆಬೇರೆಯಾಗಿ ಟಿಪ್ಪಣಿಪುಸ್ತಕಗಳಲ್ಲಿ ಗುರುತು ಹಾಕಿಕೊಂಡು ಬಂದ. ನಮಗೆ ಮೂರನೆಯ ಪಟ್ಟಿಯೂ ಅವಶ್ಯಕ. ಬಿಟ್ಟ ಪುಸ್ತಕವನ್ನು ಏಕೆ ಬಿಟ್ಟೆವೆಂದು ಒಂದು ಸಾಲು ಬರೆದಿಟ್ಟುಕೊಂಡರೆ, ನಾಲ್ಕು ವರ್ಷಗಳ ಅನಂತರ ದೋಷ ಪುಸ್ತಕದ್ದೋ ನಮ್ಮದೋ ಎಂಬುದು ತಾನೇ ತಿಳಿಯುತ್ತದೆ.

ಇದಕ್ಕೆಲ್ಲ ಜನವರಿ ಒಂದನೆಯ ತಾರೀಖೇ ಮುಹೂರ್ತವಾಗಬೇಕೆಂಬುದೂ ಒಂದು ಮೂಢನಂಬಿಕೆ. ಮಲೆನಾಡಿನ ಅಡಕೆ ಬೆಳೆಗಾರನಿಗೆ ಆ ಹೊತ್ತಿನಲ್ಲಿ ಕೊಯ್ಲಿನ ಕೆಲಸ ಇನ್ನೂ ಕೈಬಿಟ್ಟಿರುವುದಿಲ್ಲ; ಅವನ ಓದಿನ ವರ್ಷ ಆರಿದ್ರಾ ಮಳೆ ಹಿಡಿದು ಕೂತ ಮೇಲೆ ಆರಂಭವಾಗುವುದೇ ಸರಿ. ಶಾಲೆಯ ಉಪಾಧ್ಯಾಯನಿಗೆ ಉತ್ತರಪತ್ರಿಕೆಗಳ ಕಟ್ಟು ಕರಗಿದ ಬೇಸಿಗೆಯ ರಜೆ ಅನುಕೂಲ. ಬ್ಯಾಂಕಿನಲ್ಲಿ ದುಡಿಯುವವರಿಗಂತೂ ಮಾರ್ಚ್ 31 ಕಳೆಯುವವರೆಗೆ ಪುಸ್ತಕವೆಂದರೆ ಲೆಕ್ಕದ ಪುಸ್ತಕವೇ ಆದಕಾರಣ, ಅವರು ಏಪ್ರಿಲ್‌ವರೆಗೆ ಕಾದಿದ್ದು ತೊಡಗುವುದು ಲೇಸು.