ಮನೆಯಲ್ಲಿ ಚಾಕೊಲೇಟು ಕೇಕು: ಕಹಿ, ಹುಳಿ, ಸಿಹಿಗಳ ಸಮನ್ವಯ

ಹುಟ್ಟುಹಬ್ಬಕ್ಕೆ ಪಾಯಸ, ಹೆಚ್ಚೆಂದರೆ ಹೋಳಿಗೆ ಎಂದಿದ್ದ ಮನೆಗಳಲ್ಲಿಯೂ ಕೇಕಿಗೆ ಮಣೆ ದೊರೆತು ಈಗ ಬಹುಕಾಲವಾಯಿತು. ಹಾಸನದ ಸೀಮೆಯಿಂದ ಹೊರಟು ಬೆಂಗಳೂರು, ಮೈಸೂರುಗಳ ಬೀದಿಬೀದಿಗಳಲ್ಲಿ ನೆಲೆನಿಂತ ಅಯ್ಯಂಗಾರ್ ಬೇಕರಿಗಳೂ, ಮಂಗಳೂರಿನ ಕ್ರೈಸ್ತ ಕುಟುಂಬಗಳ ಕ್ರಿಸ್ಮಸ್ ಕಾಲದ ಅಡುಗೆಮನೆಗಳೂ ಪರದೇಶದ ಈ ಭಕ್ಷ್ಯವನ್ನು ಕನ್ನಡನಾಡಿನ ಜಿಹ್ವೆಗೆ ಪರಿಚಯಿಸಿ, ಒಗ್ಗಿಸಿ, ಕಡೆಗೆ ಅದು ಎಲ್ಲಿಂದ ಬಂದಿತೆಂಬುದನ್ನೇ ಮರೆಯುವಷ್ಟು ನಮ್ಮದಾಗಿಸಿಬಿಟ್ಟವು. ಆದರೂ ಅಂಗಡಿಯ ಗಾಜಿನ ಕಪಾಟಿನಿಂದ ರಟ್ಟಿನ ಪೆಟ್ಟಿಗೆಯಲ್ಲಿ ಮನೆಗೆ ಬರುವ ಕೇಕಿಗೂ, ಮನೆಯವರೇ ಮೈದಾ ಜರಡಿ ಹಿಡಿದು, ಕೋಕೋ ಕಲಸಿ, ಬೇಯಿಸಿ, ಆರಿಸಿ, ಆಯಾ ಋತುವಿನ ಹಣ್ಣನ್ನು ಮೇಲೆ ಹರಡಿ ಬಡಿಸುವ ಚಾಕೊಲೇಟು ಕೇಕಿಗೂ ಇರುವ ಅಂತರ ಅಲ್ಪವಾದುದಲ್ಲ. ಆ ಅಂತರದ ಮೂಲ ಬಹುಮಟ್ಟಿಗೆ ಆ ಹಣ್ಣಿನಲ್ಲಿಯೇ ಇದೆ. ಹಣ್ಣನ್ನು ಕೇಕಿನ ನೆತ್ತಿಗಿಟ್ಟ ಆಭರಣವೆಂದು ತಿಳಿಯುವವರು ಅನೇಕರು. ವಸ್ತುತಃ ಅದು ಆ ಭಕ್ಷ್ಯದ ಅಂಗವೇ ಆಗಿದೆ.

ಚಾಕೊಲೇಟು ತಾನೇ ಒಂದು ಹಣ್ಣಿನ ಬೀಜದಿಂದ ಹುಟ್ಟಿದುದೆಂಬುದನ್ನು ನೆನೆದರೆ ಈ ಮಾತಿನ ತಥ್ಯ ಹೊಳೆಯುತ್ತದೆ. ಪುತ್ತೂರು, ಸುಳ್ಯ, ಬಂಟ್ವಾಳಗಳ ಅಡಕೆ ತೋಟಗಳಲ್ಲಿ ಹಾದುಹೋಗುವವರು ಅಡಕೆ ಮರಗಳ ನೆಳಲಿನಲ್ಲಿ ಕುಳ್ಳಗೆ ಹರಡಿಕೊಂಡ ಕೋಕೋ ಗಿಡಗಳನ್ನು ಕಂಡೇ ಇರುತ್ತಾರೆ. ನಮ್ಮ ಹಲಸಿನಂತೆಯೇ ಕಾಂಡಕ್ಕೂ ದಪ್ಪ ಕೊಂಬೆಗಳಿಗೂ ನೇರವಾಗಿ ಅಂಟಿಕೊಂಡು ಜೋಲುವ ಏಣೇಣಾದ ಅದರ ಕಾಯಿಯನ್ನು ಒಡೆದರೆ, ಬಿಳಿಯ ಲೋಳೆತಿರುಳಿನಲ್ಲಿ ಹುದುಗಿ ಸಾಲುಗಟ್ಟಿದ ೩೦ರಿಂದ ೪೦ ಬೀಜಗಳು ಕಾಣುತ್ತವೆ. ತಿರುಳು ಸಿಹಿಯೂ ಹುಳಿಯೂ ಬೆರೆತು ನಾಲಗೆಗೆ ಹಿತವಾಗಿರುವುದರಿಂದ ಮಂಗ, ಅಳಿಲುಗಳಿಗೆ ಬಲು ಪ್ರಿಯ. ಬೀಜವಾದರೋ ಹಸಿಯಾಗಿರುವಾಗ ಕಡು ಕಹಿ, ಒಗರು. ಅದನ್ನು ತಿರುಳಿನೊಡನೆಯೇ ಬುಟ್ಟಿಯಲ್ಲಿಯೋ ಮರದ ಪೆಟ್ಟಿಗೆಯಲ್ಲಿಯೋ ರಾಶಿ ಹಾಕಿ, ಮೇಲೆ ಬಾಳೆಯೆಲೆ ಮುಚ್ಚಿ, ನಡುನಡುವೆ ಮಗುಚುತ್ತ ಐದಾರು ದಿನ ಬಿಟ್ಟರೆ, ತಿರುಳಿನ ಸಕ್ಕರೆಯು ಮೊದಲು ಮದ್ಯಸಾರವಾಗಿ, ಅನಂತರ ಹುಳಿಯಾಗಿ ಮಾರ್ಪಟ್ಟು, ರಾಶಿಯ ಉಷ್ಣತೆ ೪೫ ಡಿಗ್ರಿ ಸೆಲ್ಸಿಯಸ್ಸನ್ನು ಮುಟ್ಟಿ, ಆ ಬಿಸಿ ಮತ್ತು ಹುಳಿಗಳಿಂದ ಬೀಜದೊಳಗಿನ ಮೊಳಕೆ ಸತ್ತು, ಒಗರು ತಗ್ಗಿ, ಮುಂದೆ ಹುರಿದಾಗ ಪ್ರಕಟವಾಗುವ ಪರಿಮಳಕ್ಕೆ ಬೇಕಾದ ದ್ರವ್ಯಗಳು ಅಲ್ಲಿ ಸಿದ್ಧವಾಗುತ್ತವೆ. ಹುಳಿ ಬರಿಸದೆ ಒಣಗಿಸಿದ ಬೀಜವನ್ನು ಎಷ್ಟು ಹುರಿದರೂ ಚಾಕೊಲೇಟಿನ ವಾಸನೆ ಹುಟ್ಟದು.

ದಕ್ಷಿಣ ಅಮೆರಿಕದ ಮಳೆಕಾಡುಗಳ ಈ ಗಿಡ ನಮ್ಮ ತೋಟಗಳಲ್ಲಿ ಬೇರೂರಿದ ಕಥೆಯಲ್ಲಿ ಸಂಕಟದ ಅಧ್ಯಾಯವೂ ಒಂದುಂಟು. ೧೯೭೦ರ ದಶಕದಲ್ಲಿ ಬೇಡಿಕೆಯನ್ನು ನಂಬಿ ಅಡಕೆಯ ನಡುವೆ ಕೋಕೋ ಹಾಕಿದ ಕೃಷಿಕರು, ಆ ದಶಕದ ಕೊನೆಗೆ ಬೆಲೆ ಕುಸಿದು ಕೊಳ್ಳುವವರು ಹಿಂದೆ ಸರಿದಾಗ ದಿಕ್ಕುಗಾಣದಾದರು. ಅಡಕೆ ಬೆಳೆಗಾರರ ಹಿತರಕ್ಷಣೆಗೆಂದು ೧೯೭೩ರಲ್ಲಿ ಮಂಗಳೂರಿನಲ್ಲಿ ಸ್ಥಾಪಿತವಾಗಿದ್ದ, ವಾರಣಾಶಿ ಸುಬ್ರಾಯ ಭಟ್ಟರು ಸ್ಥಾಪಕಾಧ್ಯಕ್ಷರಾಗಿದ್ದ ಕ್ಯಾಂಪ್ಕೊ ಸಹಕಾರ ಸಂಸ್ಥೆಯು ಆಗ ಕೋಕೋ ಖರೀದಿಗೂ ಕೈಯಿಕ್ಕಿ, ಕೊಂಡ ಬೀಜಕ್ಕೆ ಸ್ಥಿರವಾದ ಗತಿಯೊಂದನ್ನು ಕಾಣಿಸಲು ೧೯೮೬ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕೊಲೇಟು ಕಾರ್ಖಾನೆಯನ್ನು ತೆರೆಯಿತು. ಆದುದರಿಂದ ಇಂದು ಕನ್ನಡನಾಡಿನ ಗೃಹಿಣಿಯ ಕೈಗೆ ಬರುವ ಕೋಕೋ ಪುಡಿ ಸಮುದ್ರ ದಾಟಿ ಬಂದುದೇ ಆಗಬೇಕೆಂಬ ನಿಯಮವಿಲ್ಲ.

ಕೇಕು ಮಾಡಹೊರಟವರು ಈ ಪುಡಿಯ ಸ್ವಭಾವವನ್ನು ಸ್ವಲ್ಪ ಅರಿತಿರಬೇಕು. ಹುರಿದ ಬೀಜವನ್ನು ಅರೆದಾಗ ದೊರೆಯುವ ಮುದ್ದೆಯಲ್ಲಿ ಸುಮಾರು ಅರ್ಧದಷ್ಟು ಕೊಬ್ಬೇ ಇರುತ್ತದೆ. ಅದನ್ನು ಯಂತ್ರದಿಂದ ಒತ್ತಿ ತೆಗೆಯುವ ವಿಧಾನಕ್ಕೆ ಹಾಲೆಂಡಿನ ವಾನ್ ಹೌಟನ್ ಮನೆತನದವರು ೧೮೨೮ರಲ್ಲಿ ರಾಜಾಜ್ಞೆಯ ಹಕ್ಕನ್ನು ಪಡೆದ ಮೇಲೆ, ಉಳಿದ ಹಿಂಡಿಯನ್ನು ಪುಡಿಮಾಡಿ ಮಾರುವುದು ಸಾಧ್ಯವಾಯಿತು. ನೀರಿನಲ್ಲಿ ಸುಲಭವಾಗಿ ಬೆರೆಯಲೆಂದು ಅದಕ್ಕೆ ಕ್ಷಾರವನ್ನು ಸೇರಿಸುವ ಕ್ರಮವೂ ಅವರಿಂದಲೇ ಬಂದಿತು. ಕ್ಷಾರ ಸೇರದ ಸಹಜ ಕೋಕೋ ಕೆಂಗಂದು ಬಣ್ಣದ್ದು, ತುಸು ಹುಳಿಯುಳ್ಳದ್ದು. ಅಡುಗೆ ಸೋಡಾದೊಡನೆ ಕೂಡಿದರೆ ಆ ಹುಳಿಯಿಂದಲೇ ಗುಳ್ಳೆಯೆದ್ದು ಹಿಟ್ಟು ಉಬ್ಬುತ್ತದೆ. ಕ್ಷಾರ ಸೇರಿದ ಕೋಕೋ ಬಣ್ಣದಲ್ಲಿ ಗಾಢ, ರುಚಿಯಲ್ಲಿ ಸೌಮ್ಯ. ಆದರೆ ಸೋಡಾವನ್ನು ಎಬ್ಬಿಸುವ ಶಕ್ತಿ ಅದಕ್ಕಿಲ್ಲವಾಗಿ ಮಜ್ಜಿಗೆಯನ್ನೋ ಬೇಕಿಂಗ್ ಪೌಡರನ್ನೋ ಆಶ್ರಯಿಸಬೇಕಾಗುತ್ತದೆ.

ಚಾಕೊಲೇಟು ಕೇಕು ಪ್ರಸಿದ್ಧಿಗೆ ಬಂದ ನಾಡುಗಳಲ್ಲಿಯೂ ಅದು ಹಣ್ಣಿನ ಸಹವಾಸವನ್ನು ಬಯಸಿದುದು ಗಮನಾರ್ಹ. ೧೮೩೨ರಲ್ಲಿ ವಿಯೆನ್ನಾದಲ್ಲಿ, ಆಸ್ಟ್ರಿಯಾದ ಮುತ್ಸದ್ದಿ ಮೆಟರ್ನಿಖನ ಔತಣಕ್ಕಾಗಿ, ಇನ್ನೂ ಹದಿನಾರರ ಹರೆಯದ ಫ್ರಾಂಟ್ಸ್ ಸಾಖರ್ ರಚಿಸಿದನೆಂಬ ಪ್ರತೀತಿಯುಳ್ಳ ಕೇಕಿನಲ್ಲಿ, ಚಾಕೊಲೇಟಿನ ಹೊರಲೇಪದ ಅಡಿಯಲ್ಲಿ ಏಪ್ರಿಕಾಟ್ ಹಣ್ಣಿನ ಜಾಮು ಇರುತ್ತದೆ. ಮುಂದೆ ಸಾಖರ್ ಹೋಟೆಲಿಗೂ ಡೆಮೆಲ್ ಎಂಬ ಮಿಠಾಯಿ ಅಂಗಡಿಗೂ ನಿಜವಾದ ಸಾಖರ್ ಕೇಕು ಯಾವುದೆಂಬ ವ್ಯಾಜ್ಯ ವರ್ಷಾನುಗಟ್ಟಲೆ ನಡೆದಾಗ, ಆ ಜಾಮು ಕೇಕಿನ ಮಧ್ಯದಲ್ಲಿಯೂ ಇರಬೇಕೋ ಹೊರಮೈಗೆ ಸವರಿದರೆ ಸಾಕೋ ಎಂಬುದೂ ನ್ಯಾಯಾಲಯದ ಚರ್ಚೆಗೆ ವಿಷಯವಾಯಿತು! ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಕೇಕಿನ ಜನ್ಮವೂ ವಿವಾದಗ್ರಸ್ತವೇ. ೧೯೧೫ರಲ್ಲಿ ಬಾಡ್ ಗೋಡೆಸ್‌ಬರ್ಗಿನಲ್ಲಿ ತಾನೇ ಮೊದಲು ಮಾಡಿದೆನೆಂದು ಯೋಸೆಫ್ ಕೆಲರ್ ಎಂಬಾತ ಹೇಳಿಕೊಂಡದ್ದುಂಟು, ಅದನ್ನು ಒಪ್ಪದವರೂ ಉಂಟು. ಆದರೆ ಅದರ ಸ್ವರೂಪದ ವಿಷಯದಲ್ಲಿ ವಿವಾದವಿಲ್ಲ: ಚಾಕೊಲೇಟು ಪದರಗಳ ನಡುವೆ ಕಡೆದ ಕೆನೆ, ಹುಳಿಮಿಶ್ರಿತ ಚೆರ್ರಿ ಹಣ್ಣು, ಆ ಹಣ್ಣಿನಿಂದಲೇ ಇಳಿಸಿದ ಮದ್ಯದ ಸುವಾಸನೆ.

ಇದೇ ಕೇಕು ನಮ್ಮಲ್ಲಿಗೆ ಬಂದಾಗ ಅದರ ಹಣ್ಣಿಗೆ ಒದಗಿದ ರೂಪಾಂತರ ವಿಚಿತ್ರವಾದುದು. ಬೇಕರಿಯ ಕೇಕಿನ ನೆತ್ತಿಯಲ್ಲಿ ಕೆಂಪಗೆ ಹೊಳೆಯುವ ಚೆರ್ರಿಯು ಅನೇಕ ವೇಳೆ ಚೆರ್ರಿಯೇ ಅಲ್ಲ. ನಮ್ಮ ಕುರುಚಲು ಕಾಡುಗಳ ಮುಳ್ಳುಪೊದೆಗಳಲ್ಲಿ ಬಿಡುವ, ಕೆಲವೆಡೆ ಕವಳೆಯೆಂದೂ ಕರಾವಳಿಯಲ್ಲಿ ಕರಂಡೆಯೆಂದೂ ಕರೆಯುವ, ಉಪ್ಪಿನಕಾಯಿಗೆ ಹೆಸರಾದ ಕಾಯಿಯದು. ಬೀಜ ತೆಗೆದು, ಬಣ್ಣ ಕಟ್ಟಿ, ಸಕ್ಕರೆ ಪಾಕದಲ್ಲಿ ಮತ್ತೆ ಮತ್ತೆ ನೆನೆಸಿದ ಮೇಲೆ ಆ ಕಾಯಿಗೆ ಸ್ವಂತದ್ದೆಂಬ ಹುಳಿ ಉಳಿಯುವುದಿಲ್ಲ. ಆಗ ಕೇಕಿನ ಸಿಹಿಯ ಮೇಲೆ ಮತ್ತೊಂದು ಸಿಹಿ ಕುಳಿತಂತಾಗಿ, ನಾಲ್ಕು ತುತ್ತಿಗೇ ಬಾಯಿ ಕಟ್ಟುತ್ತದೆ. ಕೊಬ್ಬು, ಸಕ್ಕರೆ, ಕಹಿಗಳಿಂದ ಭಾರವಾದ ಜಿಹ್ವೆಯನ್ನು ತೊಳೆದು ಮುಂದಿನ ತುತ್ತಿಗೆ ಅಣಿಗೊಳಿಸುವ ಕಾರ್ಯ ತಾಜಾ ಹಣ್ಣಿನ ಹುಳಿಯಿಂದಲ್ಲದೆ ಆಗದು.

ಇನ್ನು ಪ್ರಯೋಗಕ್ಕೆ ಬರೋಣ. ಸಾರು ಹುಳಿಗಳನ್ನು ಕಣ್ಣಳತೆಯಿಂದಲೇ ಹದಕ್ಕೆ ತರುವ ನಮ್ಮ ಅಡುಗೆಯವರಿಗೆ ಕೇಕು ವಿಧಿಸುವ ಮೊದಲ ನಿಯಮವೆಂದರೆ ತಕ್ಕಡಿ. ಒಲೆಯ ಮೇಲಿರುವ ಸಾರಿಗೆ ಉಪ್ಪು ಸಾಲದಾದರೆ ಮತ್ತೆ ಹಾಕಬಹುದು, ಒಲೆಯೊಳಗೆ ಹೋದ ಕೇಕಿಗೆ ಏನನ್ನೂ ಹಾಕಲಾಗದು. ೨೦ ಸೆಂಟಿಮೀಟರ್ ವ್ಯಾಸದ, ಎತ್ತರವಾದ ಅಂಚಿರುವ ಟಿನ್ನಿಗೆ ೧೫೦ ಗ್ರಾಂ ಮೈದಾ, ೪೦ ಗ್ರಾಂ ಸಹಜ ಕೋಕೋ, ೨೦೦ ಗ್ರಾಂ ಸಕ್ಕರೆ, ಮುಕ್ಕಾಲು ಟೀ ಚಮಚ ಅಡುಗೆ ಸೋಡಾ, ಅರ್ಧ ಟೀ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು, ೮೦ ಮಿಲಿಲೀಟರ್ ವಾಸನೆಯಿಲ್ಲದ ಎಣ್ಣೆ, ೧೫೦ ಮಿಲಿಲೀಟರ್ ಗಟ್ಟಿ ಮಜ್ಜಿಗೆ, ೧೨೦ ಮಿಲಿಲೀಟರ್ ಬಿಸಿ ಕಾಫಿ, ಎರಡು ಮೊಟ್ಟೆ — ಇಷ್ಟು ಸಾಕು. ಕಾಫಿಯೆಂದರೆ ಹಾಲಿಲ್ಲದ್ದು, ನಮ್ಮ ಫಿಲ್ಟರಿನ ಡಿಕಾಕ್ಷನ್ನಿಗೆ ಬಿಸಿನೀರು ಬೆರೆಸಿಕೊಂಡರಾಯಿತು. ಕೇಕಿನಲ್ಲಿ ಕಾಫಿಯ ರುಚಿ ಬೇರೆಯಾಗಿ ತೋರದು, ಕೋಕೋವಿನ ಕಹಿಗೆ ಅದು ಆಳವನ್ನು ಕೊಡುತ್ತದೆ. ಮೊಟ್ಟೆ ವರ್ಜ್ಯವಾದ ಮನೆಗಳಲ್ಲಿ ಅದರ ಸ್ಥಾನದಲ್ಲಿ ನಾಲ್ಕು ದೊಡ್ಡ ಚಮಚ ಗಟ್ಟಿ ಮೊಸರನ್ನೂ ಒಂದು ಟೀ ಚಮಚ ವಿನೆಗರನ್ನೂ ಹಾಕಬಹುದು. ಕೇಕು ಕೊಂಚ ಸಾಂದ್ರವಾದೀತೇ ಹೊರತು ಕೆಡದು.

ಮೊದಲು ಕೋಕೋವನ್ನು ಬಿಸಿ ಕಾಫಿಯಲ್ಲಿ ಗಂಟಿಲ್ಲದಂತೆ ಕದಡಿ ಆರಲು ಬಿಡಬೇಕು. ಬಿಸಿ ತಾಗಿದೊಡನೆ ಪುಡಿಯಲ್ಲಿ ಅಡಗಿದ್ದ ಪರಿಮಳ ಅಡುಗೆಮನೆಯನ್ನೆಲ್ಲ ತುಂಬುವುದು. ಸಕ್ಕರೆ, ಎಣ್ಣೆ, ಮೊಟ್ಟೆ, ಮಜ್ಜಿಗೆಗಳನ್ನು ಚೆನ್ನಾಗಿ ಕಡೆದು, ಕೋಕೋವನ್ನು ಕೂಡಿಸಿ, ಮೈದಾ, ಸೋಡಾ, ಬೇಕಿಂಗ್ ಪೌಡರ್, ಉಪ್ಪುಗಳನ್ನು ಒಟ್ಟಿಗೆ ಜರಡಿ ಹಿಡಿದು ಕಟ್ಟಕಡೆಗೆ ಸೇರಿಸಬೇಕು. ಇಲ್ಲಿಂದ ಮುಂದೆ ಉತ್ಸಾಹವನ್ನು ಅಡಗಿಸಿಕೊಳ್ಳುವುದೇ ಜಾಣತನ. ಮೈದಾದಲ್ಲಿರುವ ಅಂಟು ನೀರು ಸೋಕಿ ಕಲಸಿದಷ್ಟೂ ಬಲಿಯುತ್ತದೆ. ಪರೋಟಕ್ಕೆ ಗುಣವಾದ ಆ ಜಿಗುಟು ಕೇಕಿಗೆ ದೋಷ. ಒಣಹಿಟ್ಟಿನ ಬಿಳಿ ಗೆರೆಗಳು ಮರೆಯಾದೊಡನೆ ಕೈ ನಿಲ್ಲಿಸಿ, ಬೆಣ್ಣೆ ಸವರಿ ಕಾಗದ ಹಾಸಿದ ಟಿನ್ನಿಗೆ ಹುಯ್ದು ತಡಮಾಡದೆ ಒಲೆಗಿಡಬೇಕು, ಏಕೆಂದರೆ ಮಜ್ಜಿಗೆ ತಾಗಿದ ಸೋಡಾ ಆಗಲೇ ತನ್ನ ಕೆಲಸವನ್ನು ಆರಂಭಿಸಿರುತ್ತದೆ, ಎದ್ದ ಗುಳ್ಳೆಗಳು ನಮಗಾಗಿ ಕಾದಿರುವುದಿಲ್ಲ.

ಓವನ್ನಿನಲ್ಲಾದರೆ ಮುಂಚಿತವಾಗಿ ಕಾಯಿಸಿದ ೧೭೫ ಡಿಗ್ರಿ ಉಷ್ಣತೆಯಲ್ಲಿ ೩೫ರಿಂದ ೪೦ ನಿಮಿಷ ಬೇಕು. ಓವನ್ನಿಲ್ಲದವರು ನಿರಾಶರಾಗಬೇಕಾಗಿಲ್ಲ, ದಪ್ಪ ತಳದ ಕುಕ್ಕರಿನಲ್ಲಿ ಮರಳನ್ನೋ ಉಪ್ಪನ್ನೋ ಹರಡಿ, ಸ್ಟ್ಯಾಂಡಿಟ್ಟು, ಮುಚ್ಚಳದ ರಬ್ಬರನ್ನೂ ಸೀಟಿಯನ್ನೂ ತಪ್ಪದೆ ತೆಗೆದು, ಹತ್ತು ನಿಮಿಷ ಕಾಯಿಸಿ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆಯ ಸುಮಾರಿಗೆ ಬೇಯಿಸುವ ಕ್ರಮ ನಮ್ಮ ಎಷ್ಟೋ ಮನೆಗಳಲ್ಲಿ ರೂಢಿಯಲ್ಲಿದೆ. ಎರಡರಲ್ಲಿಯೂ ಮೊದಲ ಅರ್ಧ ಗಂಟೆ ಬಾಗಿಲನ್ನಾಗಲಿ ಮುಚ್ಚಳವನ್ನಾಗಲಿ ತೆರೆಯತಕ್ಕುದಲ್ಲ. ಗುಳ್ಳೆಗಳನ್ನು ಹಿಡಿದಿಡುವ ಗೋಡೆಗಳು ಗಟ್ಟಿಯಾಗುವ ಮುನ್ನ ತಣ್ಣನೆಯ ಗಾಳಿ ನುಗ್ಗಿದರೆ ಕೇಕಿನ ನಡುವು ಕುಸಿಯುತ್ತದೆ. ಚುಚ್ಚಿದ ಕಡ್ಡಿಗೆ ಹಸಿಹಿಟ್ಟು ಅಂಟದೆ ಒಂದೆರಡು ಒದ್ದೆ ತುಣುಕು ಮಾತ್ರ ಅಂಟಿ ಬಂದರೆ ಹದ ಸರಿಯಾಯಿತೆಂದು ತಿಳಿಯಬೇಕು.

ಕೇಕಿನ ಮೇಲೆ ಹಣ್ಣಿಡಲು ಹಾಸೊಂದು ಬೇಕು. ಅಂಗಡಿಯ ಪೊಟ್ಟಣಗಳಲ್ಲಿ ದೊರೆಯುವ ತೆಳುಕೆನೆಯಲ್ಲಿ ಕೊಬ್ಬು ಕಡಮೆಯಾದುದರಿಂದ ಅದು ಕಡೆದರೆ ನೊರೆಗಟ್ಟಿ ನಿಲ್ಲದು. ಆದರೆ ಚಾಕೊಲೇಟಿನೊಡನೆ ಬೆರೆಸಿ ಗನಾಶ್ ಎಂಬ ಲೇಪವನ್ನು ಮಾಡಲು ಅದು ಧಾರಾಳವಾಗಿ ಸಲ್ಲುತ್ತದೆ. ೨೦೦ ಗ್ರಾಂ ಕಹಿ ಚಾಕೊಲೇಟನ್ನು ಸಣ್ಣಗೆ ಹೆಚ್ಚಿ, ಅಷ್ಟೇ ತೂಕದ ಕೆನೆಯನ್ನು ಅಂಚಿನಲ್ಲಿ ಗುಳ್ಳೆಯಾಡುವವರೆಗೆ ಕಾಯಿಸಿ ಮೇಲೆ ಹುಯ್ದು, ಎರಡು ನಿಮಿಷ ಮುಟ್ಟದೆ ಬಿಟ್ಟು, ಅನಂತರ ಪಾತ್ರೆಯ ನಡುವಿನಲ್ಲಿ ಮಾತ್ರ ಚಮಚವನ್ನು ಸಣ್ಣ ಸುತ್ತು ತಿರುಗಿಸುತ್ತ ಹೋಗಬೇಕು. ಮೊದಲು ಕೆನೆ ಬೇರೆ, ಚಾಕೊಲೇಟು ಬೇರೆಯಾಗಿ ಒಡೆದ ಹಾಲಿನ ಕುರೂಪವೇ ಕಾಣಿಸುತ್ತದೆ. ಅಷ್ಟರಲ್ಲಿ ಚಮಚದ ಸುತ್ತ ಒಂದು ರೂಪಾಯಿಯಗಲದ ನುಣುಪಾದ ಕಪ್ಪು ವೃತ್ತ ಮೂಡಿ, ಸುತ್ತು ಸುತ್ತಿಗೂ ಅಗಲವಾಗುತ್ತ, ಕಡೆಗೆ ಪಾತ್ರೆಯ ಅಂಚಿನವರೆಗೂ ಹಬ್ಬಿ ಹೊಳೆಯುತ್ತದೆ. ಕೆನೆಯಿಲ್ಲದೆ ಬರಿಯ ಚಾಕೊಲೇಟನ್ನು ಕರಗಿಸುವಾಗ ಮಾತ್ರ ನೀರಿನ ಹನಿ ತಾಗದಂತೆ ನೋಡಿಕೊಳ್ಳಬೇಕು. ಒಂದೆರಡು ಹನಿಗೇ ಅದು ಮರಳುಮರಳಾಗಿ ಬಿಗಿದುಕೊಳ್ಳುತ್ತದೆ. ಪೂರ್ತಿ ಆರಿದ ಕೇಕಿನ ಮೇಲೆ ಹರಡಿದ ಗನಾಶ್, ರುಚಿಯನ್ನು ಕೊಡುವುದರ ಜೊತೆಗೆ ಹಣ್ಣಿನ ರಸ ಕೆಳಗಿಳಿದು ಕೇಕನ್ನು ನೆನೆಸದಂತೆ ತನ್ನ ಕೊಬ್ಬಿನಿಂದ ತಡೆಯುತ್ತದೆ.

ಹಣ್ಣಿನ ಆಯ್ಕೆಯನ್ನು ಋತುವಿಗೆ ಬಿಡುವುದು ಲೇಸು. ಚಳಿಗಾಲದಲ್ಲಿ ಮಹಾಬಲೇಶ್ವರದ ಕಡೆಯಿಂದ ಬರುವ ಸ್ಟ್ರಾಬೆರಿ ಹುಳಿಯಲ್ಲಿಯೂ ಬಣ್ಣದಲ್ಲಿಯೂ ಚಾಕೊಲೇಟಿಗೆ ಹೇಳಿ ಮಾಡಿಸಿದ ಜೋಡಿ; ತೊಳೆದ ಮೇಲೆ ಬಟ್ಟೆಯಲ್ಲಿ ಒರಸಿ, ಸಕ್ಕರೆ ಸೋಕಿಸದೆ ಇಡಬೇಕು, ಸಕ್ಕರೆ ಬಿದ್ದರೆ ಹಣ್ಣು ನೀರು ಬಿಡುತ್ತದೆ. ಕೊಡಗಿನ ಕಿತ್ತಳೆಯ ತೊಳೆಗಳನ್ನು ನಾರು, ಬೀಜ, ಪೊರೆಗಳಿಂದ ಬಿಡಿಸಿ ಇಡುವ ಶ್ರಮಕ್ಕೆ ಸುವಾಸನೆಯ ಪ್ರತಿಫಲವಿದೆ; ಅದರ ಸಿಪ್ಪೆಯ ಮೇಲ್ಪದರವನ್ನು ತುಸು ತುರಿದು ಹಿಟ್ಟಿಗೂ ಸೇರಿಸಬಹುದು. ದಾಳಿಂಬೆ ಕಾಳು, ವಿಜಯಪುರದ ದ್ರಾಕ್ಷಿ, ಪ್ಯಾಷನ್ ಹಣ್ಣಿನ ತಿರುಳು ಇವೂ ಸಲ್ಲುವುವು. ಬಾಳೆ ಕೊಯ್ದೊಡನೆ ಕಪ್ಪಾಗುವುದರಿಂದ ನಿಂಬೆರಸ ಸವರಬೇಕು, ಅದರಿಂದ ಬಾಳೆಗಿಲ್ಲದ ಹುಳಿಯೂ ಒದಗುತ್ತದೆ. ಹಸಿಯ ಅನಾನಸು, ಪರಂಗಿಗಳಲ್ಲಿ ಹಾಲಿನ ಸಾರವನ್ನು ಒಡೆಯುವ ಕಿಣ್ವಗಳಿರುವುದರಿಂದ ಕೆನೆಯೊಡನೆ ಹೊತ್ತು ಕಳೆದಂತೆ ಕಹಿ ಹುಟ್ಟುತ್ತದೆ. ಅನಾನಸನ್ನು ಬೇಯಿಸಿ ಆರಿಸಿದರೆ ಆ ತೊಂದರೆಯಿಲ್ಲ. ಮಾವಿನ ಹಂಗಾಮಿನಲ್ಲಿ ಪೂರ್ತಿ ಕಳಿತ ಬಾದಾಮಿಗಿಂತ ಇನ್ನೂ ಹುಳಿಯಿರುವ ದೋರೆಹಣ್ಣು ಮೇಲು.

ಹಣ್ಣು ಹೊರದ ಚಾಕೊಲೇಟು ಕೇಕು ಮರುದಿನಕ್ಕೆ ತೇವ ಹಂಚಿಕೊಂಡು ಮತ್ತಷ್ಟು ರುಚಿಕರವಾಗುವುದು; ಕೊಯ್ದ ಹಣ್ಣಾದರೋ ಕೆಲವು ಗಂಟೆಗಳಲ್ಲೇ ಬಾಡತೊಡಗುವುದು. ದಿನಗಟ್ಟಲೆ ಕಪಾಟಿನಲ್ಲಿ ಮೆರೆಯಬೇಕಾದ ಅಂಗಡಿಯ ಕೇಕು ಬಾಡದ, ಆದುದರಿಂದಲೇ ಹುಳಿಯಿಲ್ಲದ ಹಣ್ಣನ್ನು ಆಶ್ರಯಿಸಿರುವುದು ಬೇಕರಿಯವರ ಅಪರಾಧವಲ್ಲ, ಅವರ ವ್ಯಾಪಾರದ ನಿರ್ಬಂಧ. ಮನೆಗೆ ಆ ನಿರ್ಬಂಧವಿಲ್ಲ. ಕೇಕನ್ನು ಹಿಂದಿನ ದಿನವೇ ಬೇಯಿಸಿ, ಅತಿಥಿಗಳು ಬರುವ ಹೊತ್ತಿಗೆ ಹಣ್ಣು ಕೊಯ್ದು ಮೇಲಿಡಬಹುದು. ಅಂಚು ಸೊಟ್ಟಗಾಗಿ, ನೆತ್ತಿ ಬಿರಿದು, ರೂಪದಲ್ಲಿ ಬೇಕರಿಗೆ ಸೋತ ಮನೆಯ ಕೇಕು ರುಚಿಯಲ್ಲಿ ಅದನ್ನು ಗೆಲ್ಲುವುದಾದರೆ ಕೊನೆಗಳಿಗೆಯ ಆ ಹುಳಿಹಣ್ಣಿನಿಂದಲೇ ಗೆಲ್ಲುತ್ತದೆ.